ಕಲ್ಲು ಕೇಳುವ ಮೊದಲು ಮರಳಿನ ಲೆಕ್ಕ: ಕಡಲ್ಕೊರೆತಕ್ಕೆ ಊರಿನ ಯೋಜನೆ ಹೇಗೆ ಮಾಡಬೇಕು

ಜೂನ್ ಕೊನೆಗೆ ತೆಂಗಿನ ಮರಗಳು ಕಡಲಿಗೆ ಉರುಳತೊಡಗಿದರೆ ಊರಿನ ಬೇಡಿಕೆ ಒಂದೇ: ಬೇಗ ಕಲ್ಲು ಹಾಕಿ. ಅಬ್ಬರದ ನಡುವೆ ತಂದು ಸುರಿದ ಕಲ್ಲು ಮುಂದಿನ ಮಳೆಗಾಲಕ್ಕೆ ಮರಳಿನಲ್ಲಿ ಹೂತಿರುತ್ತದೆ, ಕೊರೆತ ಪಕ್ಕದ ಮನೆಯ ಅಂಗಳಕ್ಕೆ ದಾಟಿರುತ್ತದೆ. ಕೊರೆತವೆಂದರೆ ಮರಳಿನ ಖೋತಾ. ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ, ಎಲ್ಲಿ ತಡೆದಿದೆ ಎನ್ನುವುದು ಗೊತ್ತಿಲ್ಲದೆ ಮಾಡಿದ ಯಾವ ಕಾಮಗಾರಿಯೂ ಅಂದಾಜಿನ ಮೇಲೆ ನಿಂತಿರುತ್ತದೆ. ಆ ಲೆಕ್ಕವನ್ನು ಗ್ರಾಮ ಪಂಚಾಯತಿ, ಮೀನುಗಾರರ ಸಂಘ, ಯುವಕ ಮಂಡಲ ಸೇರಿ ಮಾಡಬಹುದು. ಶುರು ಮಾಡಲು ಅಕ್ಟೋಬರ್ ಒಳ್ಳೆಯ ತಿಂಗಳು.

ಮೊದಲು ಯೋಜನೆಯ ಗಡಿ ಗುರುತಿಸಿ. ಪಂಚಾಯತಿಯ ಗಡಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಮರಳು ಅದನ್ನು ನೋಡಿ ಹರಿಯುವುದಿಲ್ಲ. ಒಂದು ಅಳಿವೆಯಿಂದ (ಹೊಳೆ ಕಡಲು ಸೇರುವ ಬಾಯಿ) ಮುಂದಿನ ಅಳಿವೆಯವರೆಗೆ, ಅಥವಾ ಒಂದು ಕಲ್ಲುಗುಡ್ಡದ ಮೂಗಿನಿಂದ ಇನ್ನೊಂದರವರೆಗೆ ಇರುವ ತೀರವನ್ನು ಒಂದು ಘಟಕ ಎಂದು ಹಿಡಿಯಿರಿ. ಅದರೊಳಗಿನ ಪ್ರತಿ ಬ್ರೇಕ್‌ವಾಟರ್ (ಅಲೆ ತಡೆಯಲು ಕಡಲೊಳಗೆ ಚಾಚಿದ ಕಲ್ಲಿನ ಕಟ್ಟೆ), ಬಂದರು, ತಡೆಗೋಡೆ, ಮರಳು ತೆಗೆಯುವ ಜಾಗ ನಕ್ಷೆಯಲ್ಲಿ ಬರಲಿ. ಅಳಿವೆಯ ಬ್ರೇಕ್‌ವಾಟರಿನ ಯಾವ ಮಗ್ಗುಲಿಗೆ ಮರಳು ಬಂದು ಕೂತಿದೆ ನೋಡಿ. ಇನ್ನೊಂದು ಮಗ್ಗುಲಿನ ಊರಿಗೆ ಬರಬೇಕಿದ್ದ ಮರಳು ಅದು.

ಅಳತೆ

ನಮ್ಮ ಕಡಲ ತೀರ ವರ್ಷಕ್ಕೊಮ್ಮೆ ಉಸಿರಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೊಡ್ಡ ಅಲೆಗಳು ದಡದ ಮರಳನ್ನು ಎಳೆದೊಯ್ದು ಸ್ವಲ್ಪ ಹೊರಗೆ ನೀರಿನಡಿ ದಿಬ್ಬವಾಗಿ ಇಡುತ್ತವೆ. ಅಕ್ಟೋಬರ್ ನಂತರ ಸಣ್ಣ ಅಲೆಗಳು ಅದನ್ನೇ ಮೆಲ್ಲಗೆ ದಡಕ್ಕೆ ತಳ್ಳುತ್ತವೆ. ಜುಲೈಯಲ್ಲಿ ತೆಗೆದ ಫೋಟೊ ತೋರಿಸಿ ಇಷ್ಟು ದಡ ಹೋಯಿತು ಎಂದರೆ ಅದು ಪುರಾವೆಯಾಗದು. ಈ ವರ್ಷದ ಫೆಬ್ರವರಿಯನ್ನು ಹಿಂದಿನ ಫೆಬ್ರವರಿಯೊಂದಿಗೆ ಹೋಲಿಸಬೇಕು. ಗೂಗಲ್ ಅರ್ಥ್‌ನ ಹಳೆಯ ಚಿತ್ರಗಳನ್ನು ನೋಡುವಾಗಲೂ ಇದೇ ನಿಯಮ. ನೀರಿನ ಅಂಚು ಉಬ್ಬರ ಇಳಿತಕ್ಕೆ ತಕ್ಕಂತೆ ಸರಿಯುತ್ತಿರುತ್ತದೆ, ಆದ್ದರಿಂದ ಬಳ್ಳಿ, ಹುಲ್ಲು ಶುರುವಾಗುವ ಹಸಿರು ಗೆರೆಯನ್ನು ಹಿಡಿಯಿರಿ.

ದಡದ ಇಳಿಜಾರು ಅಳೆಯಲು ಗಾರೆ ಕೆಲಸದವರ ಲೆವೆಲ್ ಪೈಪ್ ಸಾಕು. ಬೇಕಾಗುವುದು 8 ಮೀಟರ್ ಪಾರದರ್ಶಕ ಪೈಪು, ಸೆಂಟಿಮೀಟರ್ ಗುರುತಿರುವ 2 ಮೀಟರ್‌ನ ಎರಡು ಕೋಲು, ಒಂದು ಟೇಪು. ತೀರದುದ್ದಕ್ಕೂ 200 ಮೀಟರಿಗೊಂದರಂತೆ ಅಲುಗದ ಗುರುತು ಆರಿಸಿಕೊಳ್ಳಿ: ಬಾವಿಕಟ್ಟೆ, ದೈವಸ್ಥಾನದ ಜಗಲಿ, ಕಾಂಕ್ರೀಟ್ ಕಂಬ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಮರುದಿನ ಪೂರ್ತಿ ಇಳಿತದ ಹೊತ್ತಿಗೆ ಗುರುತಿನಿಂದ ನೇರ ಕಡಲ ಕಡೆಗೆ 5 ಮೀಟರಿಗೊಮ್ಮೆ ಕೋಲು ನಿಲ್ಲಿಸುತ್ತ ಹೋಗಿ. ಪೈಪಿಗೆ ನೀರು ತುಂಬಿ ಅದರ ಒಂದೊಂದು ತುದಿಯನ್ನು ಒಂದೊಂದು ಕೋಲಿಗೆ ಹಿಡಿಯಿರಿ. ಮುಂದಿನ ಕೋಲಿನ ನೀರಿನ ಮಟ್ಟದಿಂದ ಹಿಂದಿನದನ್ನು ಕಳೆದರೆ ನೆಲ ಎಷ್ಟು ಇಳಿದಿದೆ ಎಂದು ಸಿಗುತ್ತದೆ. ಪೈಪಿನಲ್ಲಿ ಗಾಳಿಗುಳ್ಳೆ ಉಳಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ, ಪ್ರತಿ ಸಲವೂ ನೋಡಿಕೊಳ್ಳಿ. ಕೋಲು ಒದ್ದೆ ಮರಳಿನಲ್ಲಿ ಹುಗಿಯದಂತೆ ಬುಡಕ್ಕೆ ಅಗಲದ ಹಲಗೆ ತುಂಡು ಬಡಿಯಿರಿ.

ತಿಂಗಳಿಗೊಮ್ಮೆ ಆದರೆ ಉತ್ತಮ. ಆಗದಿದ್ದರೆ ಫೆಬ್ರವರಿ, ಮೇ ಕೊನೆ, ಅಕ್ಟೋಬರ್ ಈ ಮೂರನ್ನಂತೂ ಬಿಡಬೇಡಿ. ಎರಡು ವರ್ಷದ ಗೆರೆಗಳನ್ನು ಗ್ರಾಫ್ ಹಾಳೆಯಲ್ಲಿ ಒಂದರ ಮೇಲೊಂದು ಬರೆದರೆ ಖೋತಾ ಕಣ್ಣಿಗೆ ಕಾಣುತ್ತದೆ. 40 ಮೀಟರ್ ಅಗಲದ ದಡ ಸರಾಸರಿ ಅರ್ಧ ಮೀಟರ್ ತಗ್ಗಿದ್ದರೆ ತೀರದ ಪ್ರತಿ ಮೀಟರಿಗೆ 20 ಘನ ಮೀಟರ್ ಮರಳು ಹೋಯಿತು. 500 ಮೀಟರ್ ತೀರಕ್ಕೆ 10,000 ಘನ ಮೀಟರ್, ಎಂದರೆ 10 ಘನ ಮೀಟರ್ ಹಿಡಿಯುವ ಟಿಪ್ಪರಿನಲ್ಲಿ ಸಾವಿರ ಲೋಡು. ದಡದಿಂದ ಮರಳು ತೆಗೆಯಲು ಯಾರಾದರೂ ಬಂದರೆ ಈ ಹಾಳೆಯನ್ನು ಮುಂದಿಡಿ.

ನೆರೆಯ ಗುರುತು

ಕೊರೆತ ಮತ್ತು ನೆರೆ ಬೇರೆ ಬೇರೆ ಅಪಾಯ. ಒಂದೆಡೆ ಕಡಲು, ಇನ್ನೊಂದೆಡೆ ಸ್ವರ್ಣಾ, ಸೀತಾ ನದಿಗಳು ಇರುವ ಕೋಡಿಬೆಂಗ್ರೆಯಂಥ ಜಾಗದಲ್ಲಿ ಎರಡೂ ಸೇರುತ್ತವೆ. ದೊಡ್ಡ ಉಬ್ಬರದ ಹೊತ್ತಿಗೆ ಮಳೆಯ ನೀರು ಅಳಿವೆಯಲ್ಲಿ ಹೊರಹೋಗಲಾಗದೆ ಹಿಂದಕ್ಕೆ ಏರುತ್ತದೆ. 2017ರ ಡಿಸೆಂಬರಿನ ಒಖಿ, 2021ರ ಮೇ ತಿಂಗಳ ತೌಕ್ತೆ ಚಂಡಮಾರುತಗಳಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಎಂದು ಮನೆ ಮನೆ ಕೇಳಿ, ಗೋಡೆಯ ಮೇಲೆ ಬಣ್ಣದಲ್ಲಿ ಗೆರೆ ಹಾಕಿ ಇಸವಿ ಬರೆಯಿರಿ. ಹೊಸ ಮನೆಯ ಪಂಚಾಂಗ (ಗೋಡೆ ಏಳುವ ನೆಲಗಟ್ಟು) ಆ ಗೆರೆಗಿಂತ ಕನಿಷ್ಠ 60 ಸೆಂಟಿಮೀಟರ್ ಮೇಲಿರಲಿ. ಚರಂಡಿ ಹೊಳೆ ಸೇರುವಲ್ಲಿ ಉಬ್ಬರಕ್ಕೆ ತಾನೇ ಮುಚ್ಚಿ ಇಳಿತಕ್ಕೆ ತೆರೆಯುವ ಬಾಗಿಲು ಬೇಕು. ಅಘನಾಶಿನಿ ಹೊಳೆಯ ಗಜನಿ (ಉಪ್ಪುನೀರಿನ ಅಂಚಿನ ಗದ್ದೆ) ಒಡ್ಡುಗಳಲ್ಲಿ ಜಂತ್ರಡಿ ಎಂಬ ತೂಬಿನ ಬಾಗಿಲು ಮಾಡುತ್ತಿದ್ದುದೂ ಉಪ್ಪುನೀರು ಒಳಬರದಂತೆ ಕಾಯುವ ಕೆಲಸವನ್ನೇ.

ಗಾಳಿ ಮಳೆ ಏನೂ ಇಲ್ಲದ ಬೇಸಿಗೆಯ ದಿನವೂ ನೀರು ಅಂಗಳಕ್ಕೆ ನುಗ್ಗಬಹುದು. ದೂರದ ದಕ್ಷಿಣ ಸಾಗರದ ಬಿರುಗಾಳಿ ಎಬ್ಬಿಸಿದ ಉದ್ದ ಅಲೆಗಳು ದಿನಗಟ್ಟಲೆ ಸಾಗಿ ಇಲ್ಲಿಗೆ ತಲುಪುತ್ತವೆ. ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ ಇನ್ಕಾಯಿಸ್ (INCOIS) ಇದರ ಮುನ್ಸೂಚನೆ ಕೊಡುತ್ತದೆ. ಅದನ್ನು ನೋಡಿ ಮೈಕಿನಲ್ಲಿ ಹೇಳುವವರು ಯಾರು, ದೋಣಿ ಬಲೆ ಮೇಲೆಳೆಯುವವರು ಯಾರು ಎಂದು ಹೆಸರು ಹಾಕಿ ಬರೆದಿಡಿ.

ಯಾವ ಜಾಗಕ್ಕೆ ಏನು

ಅಳತೆಯ ನಂತರ ತೀರವನ್ನು ತುಂಡು ತುಂಡಾಗಿ ನೋಡಿ. ಮರಳು ಹೋಗಿ ಬಂದು ಸಮವಾಗಿರುವಲ್ಲಿ ಏನನ್ನೂ ಕಟ್ಟದಿರುವುದೇ ಸರಿಯಾದ ತೀರ್ಮಾನ. ಅಲ್ಲಿನ ಮರಳು ದಿಬ್ಬವನ್ನು ಸಮತಟ್ಟು ಮಾಡಲು ಬಿಡಬೇಡಿ. ನೇರಳೆ ಹೂವಿನ ಅಡಂಬು ಬಳ್ಳಿ, ಅದರ ಹಿಂದೆ ಮುಂಡುಗ ಹಬ್ಬಲಿ. ಕೊರೆಯುವ ಅಂಚಿನಲ್ಲಿ ಗಾಳಿಮರ ನೆಟ್ಟರೆ ದಡ ನಿಲ್ಲದು, ಮರಳು ಜಾರಿದಾಗ ಅದೂ ಜೊತೆಗೇ ಉರುಳುತ್ತದೆ. ಅಳಿವೆಯ ಒಳಮಗ್ಗುಲಿನ ಕೆಸರಿಗೆ ಕಾಂಡ್ಲಾ (ಮ್ಯಾಂಗ್ರೋವ್) ಹೊಂದುತ್ತದೆ, ತೆರೆದ ಕಡಲ ದಡಕ್ಕೆ ಅಲ್ಲ. ಅಳಿವೆ ಅಥವಾ ಬಂದರಿನಲ್ಲಿ ಹೂಳೆತ್ತಿದ ಮರಳು ಕೊರೆಯುತ್ತಿರುವ ಮಗ್ಗುಲಿನ ದಡಕ್ಕೇ ಬೀಳಬೇಕು ಎಂಬ ಷರತ್ತನ್ನು ಟೆಂಡರಿನಲ್ಲೇ ಹಾಕಿಸಿ. ನಮ್ಮ ಕರಾವಳಿಗೆ ಬೇಕಾದ, ಆದರೆ ಅತಿ ಕಡಿಮೆ ಕೇಳಲಾಗುವ ಕೆಲಸ ಇದು.

ಹಿಂದೆ ಸರಿಯಲು ಜಾಗವೇ ಇಲ್ಲದ ಕಡೆ, ಉದಾಹರಣೆಗೆ ಕಡಲಿಗೂ ಸೌಪರ್ಣಿಕಾ ನದಿಗೂ ನಡುವೆ ಹೆದ್ದಾರಿ ಸಿಕ್ಕಿಕೊಂಡಿರುವ ಮರವಂತೆಯಲ್ಲಿ, ಕಲ್ಲಿನ ಕಾಮಗಾರಿ ಬೇಕಾಗುತ್ತದೆ. ಆಗ ಕಲ್ಲಿನ ತೂಕ ಕೇಳಿ. ಅಲೆಯ ಎತ್ತರ ಎರಡು ಪಟ್ಟಾದರೆ ಬೇಕಾಗುವ ಕಲ್ಲಿನ ತೂಕ ಎಂಟು ಪಟ್ಟಾಗುತ್ತದೆ. 1 ಅಡಿ ಏರಿಗೆ 2 ಅಡಿ ಇಳಿಜಾರಿನ ಗೋಡೆಗೆ ಕಲ್ಲಿನ ತೂಕ ಲೆಕ್ಕ ಹಾಕಲು ಎಂಜಿನಿಯರುಗಳು ಬಳಸುವ ಹಡ್ಸನ್ ಸೂತ್ರದಂತೆ 1 ಮೀಟರ್ ಅಲೆ ತಡೆಯಲು ಸುಮಾರು 170 ಕೆ.ಜಿ., 2 ಮೀಟರಿಗೆ 1.3 ಟನ್, 3 ಮೀಟರಿಗೆ 4.5 ಟನ್ ಕಲ್ಲು ಬೇಕು. ಗೋಡೆಯ ಬುಡದವರೆಗೆ ಬರುವ ಅಲೆಯ ಎತ್ತರ ಅಲ್ಲಿನ ನೀರಿನ ಆಳದ ಸುಮಾರು 0.78 ಪಾಲು. ಬುಡದಲ್ಲಿ 2.5 ಮೀಟರ್ ನೀರಿದ್ದರೆ 1.2 ಟನ್ ಕಲ್ಲು ಸಾಕು. ಆದರೆ ಗೋಡೆಗೆ ಬಡಿದ ಅಲೆ ಬುಡದ ಮರಳನ್ನು ತೋಡುತ್ತದೆ. ಒಂದೇ ಮೀಟರ್ ತೋಡಿದರೂ ಅಲೆ 2.7 ಮೀಟರಿಗೆ ಏರಿ, ಅದೇ ಜಾಗಕ್ಕೆ 3.4 ಟನ್ ಬೇಕಾಗುತ್ತದೆ. ಹಾಕುವಾಗ ಸರಿಯಿದ್ದ ಗೋಡೆ ಎರಡನೇ ಮಳೆಗಾಲಕ್ಕೆ ಚದುರುವುದು ಹೀಗೆ.

ಆದ್ದರಿಂದ ಗೋಡೆಯ ನಕಾಶೆಯಲ್ಲಿ ಮೂರನ್ನು ಹುಡುಕಿ. ಮರಳಿನ ಮೇಲೆ ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮರಳು ತಡೆಯುವ ಬಟ್ಟೆ) ಹಾಸು ಮತ್ತು ಅದರ ಮೇಲೆ, ಹೊರಕಲ್ಲಿನ ಹತ್ತನೇ ಒಂದರಷ್ಟು ತೂಕದ ಒಳಪದರ ಇದೆಯೇ? ಇಲ್ಲದಿದ್ದರೆ ಸಂದುಗಳಲ್ಲಿ ಮರಳು ಸೋರಿ ಗೋಡೆ ಕೂರುತ್ತದೆ. ಬುಡದ ಕಲ್ಲು ಮರಳು ತೋಡಿಹೋಗುವಷ್ಟು ಆಳಕ್ಕೆ ಇಳಿದಿದೆಯೇ? ಗೋಡೆಯ ಎರಡೂ ತುದಿ ಭೂಮಿಯ ಕಡೆಗೆ ಬಾಗಿವೆಯೇ? ಇಲ್ಲದಿದ್ದರೆ ಅಲೆ ಹಿಂದಿನಿಂದ ಸುತ್ತಿಕೊಂಡು ಬರುತ್ತದೆ. ನಾಡದೋಣಿ ಎಳೆಯುವ, ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುವ ಜಾಗ ಬಿಡದಿದ್ದರೆ ಗೋಡೆ ಮನೆ ಉಳಿಸಿ ದುಡಿಮೆ ಕಸಿಯುತ್ತದೆ.

ಗೆರೆಗಳು, ಅನುಮತಿ, ಹಣ

ಹಸಿರು ಗೆರೆ ವರ್ಷಕ್ಕೆ 1.2 ಮೀಟರ್ ಹಿಂದೆ ಸರಿಯುತ್ತಿದ್ದರೆ 30 ವರ್ಷಕ್ಕೆ 36 ಮೀಟರ್, ಒಂದು ಬಿರುಗಾಳಿ ಒಮ್ಮೆಗೇ ಕಚ್ಚುವ 15 ಮೀಟರ್ ಸೇರಿಸಿ 51 ಮೀಟರ್. ಆ ಗೆರೆಯೊಳಗೆ ಶಾಲೆ, ನೀರಿನ ಟ್ಯಾಂಕ್, ಹೊಸ ಮನೆ ಬೇಡ. 2019ರ ಸಿಆರ್‌ಜೆಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ ಗ್ರಾಮಾಂತರ ತೀರಕ್ಕೆ ಉಬ್ಬರ ಗೆರೆಯಿಂದ 200 ಮೀಟರ್, 2011ರ ಜನಗಣತಿಯಂತೆ ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚು ಜನರಿರುವಲ್ಲಿ 50 ಮೀಟರ್ ಅಭಿವೃದ್ಧಿ ನಿಷಿದ್ಧ ವಲಯ. ಅದು ಕಾನೂನಿನ ಗೆರೆ. ಕೊರೆಯುವ ಜಾಗದಲ್ಲಿ 50 ಮೀಟರ್ ಎಂದರೆ ಸುರಕ್ಷಿತ ಎಂದಲ್ಲ.

ತಡೆ ಕಾಮಗಾರಿಗೂ ಸಿಆರ್‌ಜೆಡ್ ಅನುಮತಿ ಬೇಕು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಹಾಗಾಗಿ ಅಕ್ಟೋಬರಿನಲ್ಲೇ ಅರ್ಜಿ ಹೋಗಬೇಕು. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಕೊರೆತ ತಡೆಯಲು 1,500 ಕೋಟಿ, ಕೊರೆತದಿಂದ ಮನೆ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ ರೂಪಾಯಿಯನ್ನು ದೇಶಕ್ಕಾಗಿ ಎತ್ತಿಟ್ಟಿತು. ಸ್ಥಳಾಂತರವೂ ಹಣ ಕೇಳಬಹುದಾದ ಕೆಲಸ ಎಂದು ಅದು ಒಪ್ಪಿದಂತಾಯಿತು. ಜಿಲ್ಲಾ ವಿಪತ್ತು ನಿರ್ವಹಣಾ ಯೋಜನೆಯಲ್ಲಿ ನಿಮ್ಮ ಅಳತೆ ಹಾಳೆ ಸೇರುವಂತೆ ನೋಡಿಕೊಳ್ಳಿ.

ಅಂಚಿನ ಪ್ರತಿ ಮನೆಯ ಮುಂದೆ, 20 ಮೀಟರ್ ದೂರದಲ್ಲಿ ಹಳದಿ, 10 ಮೀಟರ್ ದೂರದಲ್ಲಿ ಕೆಂಪು ಗೂಟ ಹುಗಿಯಿರಿ. ಕೊರೆತ ಹಳದಿ ಗೂಟ ಮುಟ್ಟಿದರೆ ಬದಲಿ ನಿವೇಶನದ ಕಡತ ಓಡಬೇಕು, ಕೆಂಪು ಗೂಟ ಮುಟ್ಟಿದರೆ ಅದೇ ದಿನ ಮನೆ ಖಾಲಿಯಾಗಬೇಕು. ಆ ಮನೆಯವರ ಒಪ್ಪಿಗೆಯನ್ನು ಬೇಸಿಗೆಯಲ್ಲಿ, ಕಡಲು ಶಾಂತವಾಗಿರುವಾಗಲೇ ಪಡೆಯಿರಿ. ಹಕ್ಕುಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್‌ಗಳ ಪ್ರತಿ ಒಳನಾಡಿನ ಒಂದು ಮನೆಯಲ್ಲಿ ಮೇ ಮುಗಿಯುವುದರೊಳಗೆ ಇರಲಿ.