ಕಳ್ಳಿಹುಳದ ಕೆಂಪು: ಉಣ್ಣೆಗೆ ಬಣ್ಣ ಹಾಕಿದ ನನ್ನ ಅನುಭವ

ಮೆಕ್ಸಿಕೊದ ವಹಾಕಾ ನಗರದಿಂದ ಸುಮಾರು 30 ಕಿ.ಮೀ. ದೂರದಲ್ಲಿರುವ ತೆಯೋತಿತ್ಲಾನ್ ದೆಲ್ ವಾಯೆ ನೇಕಾರರ ಊರು. ಅಲ್ಲಿನ ಮೂಲನಿವಾಸಿ ಝಪೊಟೆಕ್ ಜನಾಂಗದ ಕುಟುಂಬವೊಂದರ ಅಂಗಳದಲ್ಲಿ ಕುಳಿತು ನಾನು ಕೊಚಿನೀಲ್ ಎಂಬ ಕಳ್ಳಿಹುಳದ ಕೆಂಪು ಬಣ್ಣ ಹಾಕಲು ಕಲಿತೆ. ನಮ್ಮ ಪಾಪಾಸುಕಳ್ಳಿಯ ಜಾತಿಯದೇ ಆದ ನೊಪಾಲ್ ಕಳ್ಳಿಯ ಮೇಲೆ ಬಿಳಿ ಅರಳೆಯಂಥ ಮೇಣ ಹೊದ್ದು ಈ ಹುಳ ಬದುಕುತ್ತದೆ. ಬಣ್ಣ ಸಿಗುವುದು ಹೆಣ್ಣು ಹುಳದಿಂದ. ಒಣಗಿಸಿದಾಗ ಬೂದು ಕಾಳಿನಂತೆ ಕಾಣುವ ಇದು ಒಂದು ಕಿಲೊ ಆಗಬೇಕಾದರೆ ಲಕ್ಷಕ್ಕೂ ಮೀರಿ ಹುಳ ಬೇಕು. ಬೆಲೆ ಹೆಚ್ಚೆಂದು ಚೌಕಾಸಿ ಮಾಡುವವರು ಒಮ್ಮೆ ಕಳ್ಳಿಯ ಮುಂದೆ ಕುಳಿತು ಹುಳ ಬಿಡಿಸಿ ನೋಡಬೇಕು.

ನಾನು ಅನುಸರಿಸುವ ಕ್ರಮ ಇದು. 100 ಗ್ರಾಂ ಉಣ್ಣೆನೂಲಿಗೆ 15 ಗ್ರಾಂ ಪಟಿಕ. ನೂಲನ್ನು ಮೊದಲು ಪಟಿಕದ ನೀರಿನಲ್ಲಿ ಒಂದು ಗಂಟೆ ಬಿಸಿಮಾಡಿ, ಅದರಲ್ಲೇ ಆರಲು ಬಿಡುತ್ತೇನೆ. ಪಟಿಕವಿಲ್ಲದೆ ಬಣ್ಣ ನೂಲನ್ನು ಕಚ್ಚುವುದಿಲ್ಲ. 10 ಗ್ರಾಂ ಒಣ ಹುಳವನ್ನು ಕಲ್ಲಿನ ಮೇಲೆ ನುಣ್ಣಗೆ ಅರೆದು, ಕುದಿಸಿ, ಬಟ್ಟೆಯಲ್ಲಿ ಸೋಸಿ, ಆ ನೀರಿಗೆ ಒದ್ದೆ ಲಡಿಯನ್ನು ಇಳಿಸುತ್ತೇನೆ. ನೀರು ಕೊತಕೊತ ಕುದಿಯಬಾರದು, ಉಣ್ಣೆ ಗಂಟುಕಟ್ಟುತ್ತದೆ.

ನಿಜವಾದ ಹದ ಇರುವುದು ನೀರಿನಲ್ಲಿ. ಅರೆದ ಪುಡಿಯನ್ನು ಚಿಟಿಕೆಯಷ್ಟು ಅಂಗೈಯಲ್ಲಿಟ್ಟು ನೀರು ತೊಟ್ಟಿಕ್ಕಿಸಿದರೆ ಗಾಢ ಕೆಂಪು. ಮೇಲೆ ನಿಂಬೆರಸ ಹಿಂಡಿದೊಡನೆ ಅದು ಕಿತ್ತಳೆಗೆಂಪಿಗೆ ಹೊಳೆಯುತ್ತದೆ. ಅಡುಗೆ ಸೋಡಾ ಬಿದ್ದರೆ ನೇರಳೆಗೆ ತಿರುಗುತ್ತದೆ. ಕಬ್ಬಿಣದ ಪಾತ್ರೆಯಂತೂ ಬಣ್ಣವನ್ನು ಮಂಕಾಗಿಸುತ್ತದೆ. ಸುಣ್ಣದಂಶದ ಗಡಸು ನೀರಿನಲ್ಲೂ ಕೆಂಪು ನೇರಳೆಯತ್ತ ಜಾರುವುದರಿಂದ ನಾನು ಮಳೆನೀರನ್ನೇ ಹಿಡಿದಿಡುತ್ತೇನೆ.

ಇದನ್ನು ಕಲಬೆರಕೆಯಿಲ್ಲದ ಪ್ರಾಚೀನ ಕಲೆ ಎಂದು ಮಾರುವವರ ಮಾತನ್ನು ನಾನು ಒಪ್ಪುವುದಿಲ್ಲ. ಹುಳ, ಕಳ್ಳಿ, ಬಣ್ಣದ ಅರಿವು ಆ ನೆಲದವೇ; ಆದರೆ ಕುರಿಯೂ ಕಾಲುಮಗ್ಗವೂ 16ನೇ ಶತಮಾನದಲ್ಲಿ ಸ್ಪೇನಿನವರೊಂದಿಗೆ ಬಂದವು. ಹತ್ತಿ ಈ ಬಣ್ಣವನ್ನು ಅಷ್ಟಾಗಿ ಹೀರುವುದಿಲ್ಲ. ಕುರಿ ಬರುವುದಕ್ಕೂ ಮುಂಚೆ ಮೆಕ್ಸಿಕೊದವರು ಮೊಲದ ತುಪ್ಪಟಕ್ಕೂ ಹಕ್ಕಿಗರಿಗೂ ಈ ಕೆಂಪು ಹಾಕುತ್ತಿದ್ದರು. ಕುರಿಯುಣ್ಣೆ ಸಿಕ್ಕ ಮೇಲೆ ಹೊದೆಯುವ ಕಂಬಳಿ, ಸರಾಪೆ ಎಂಬ ಮೆಕ್ಸಿಕನ್ ಹೊದಿಕೆಗಳಿಗೆಲ್ಲ ಅದು ಹರಡಿತು. ಇನ್ನೊಂದೆಡೆ ವಸಾಹತುಗಾರರು ಇದೇ ಹುಳವನ್ನು ಯುರೋಪಿಗೆ ಸಾಗಿಸಿ ದುಡ್ಡು ಬಾಚಿದರು. ಮೆಕ್ಸಿಕೊದಿಂದ ಹೋಗುತ್ತಿದ್ದ ಸರಕುಗಳಲ್ಲಿ ಬೆಳ್ಳಿಯ ನಂತರದ ಸ್ಥಾನ ಇದರದೇ. 1856ರ ಬಳಿಕ ಬಂದ ರಾಸಾಯನಿಕ ಬಣ್ಣಗಳು ಆ ವ್ಯಾಪಾರವನ್ನು ಮುಗಿಸಿದವು. ತೆಯೋತಿತ್ಲಾನಿನಲ್ಲಿ ಇಂದು ಹುಳದ ಬಣ್ಣ ಉಳಿದಿರುವುದು, ಅಗ್ಗದ ಪುಡಿ ಕೈಗೆಟುಕುವಂತಿದ್ದರೂ ಹಠ ಹಿಡಿದು ಅದಕ್ಕೆ ಮರಳಿದ ನೇಕಾರರಿಂದ. ಅವರ ಮೇಲೆ ನನಗೆ ಅಪಾರ ಗೌರವವಿದೆ.

ಮೊದಲ ಲಡಿ ತೆಗೆದ ಮೇಲೂ ಪಾತ್ರೆಯ ನೀರನ್ನು ಚೆಲ್ಲಬೇಡಿ. ಎರಡನೇ ಲಡಿಗೆ ತಿಳಿಗೆಂಪು, ಮೂರನೆಯದಕ್ಕೆ ಗುಲಾಬಿ ಸಿಗುತ್ತದೆ. ವಹಾಕಾ ಬಳಿಯ ಪ್ರಾಚೀನ ಝಪೊಟೆಕ್ ತಾಣ ಮಿತ್ಲಾದ ಕಲ್ಲುಗೋಡೆಗಳಲ್ಲಿರುವ ಮೆಟ್ಟಿಲು ಸುರುಳಿಯ ವಿನ್ಯಾಸವನ್ನು ನೇಯುವಾಗ ಈ ಮೂರನ್ನೂ ಒಂದರ ಪಕ್ಕ ಒಂದಾಗಿ ಬಳಸುತ್ತೇನೆ. ಬೇರೆ ಬಣ್ಣವೇ ಬೇಕಾಗುವುದಿಲ್ಲ.