ಹಳೇ ಸ್ಕೋಪ್ ನೋಡೋಕೆ ಹೋಗುವಾಗ ನನ್ನ ಚೀಲದಲ್ಲಿ ಏನಿರುತ್ತದೆ

ಪವರ್ ಸಪ್ಲೈ ರಿಪೇರಿಯನ್ನೇ ಕಸುಬು ಮಾಡಿಕೊಂಡಾಗ ನನ್ನ ಹತ್ತಿರ ಇದ್ದದ್ದು ಒಂದು ಮಲ್ಟಿಮೀಟರ್, ಒಂದು ಸೋಲ್ಡರಿಂಗ್ ಸ್ಟೇಷನ್, ಅಷ್ಟೇ. ಆಸಿಲೋಸ್ಕೋಪ್ (ವೋಲ್ಟೇಜ್ ಏರಿಳಿತವನ್ನು ತೆರೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣ, ಚಿಕ್ಕದಾಗಿ ಸ್ಕೋಪ್), ಮೇಜಿನ ಮೇಲಿಡುವ ನಿಖರ ಬೆಂಚ್ ಮೀಟರ್, ಸಪ್ಲೈ ಮೇಲೆ ಹೊರೆ ಹಾಕಿ ನೋಡುವ ಎಲೆಕ್ಟ್ರಾನಿಕ್ ಲೋಡ್ ಎಲ್ಲವನ್ನೂ ಹೊಸದೇ ತರೋಣ ಅಂದರೆ ಮೊದಲ ವರ್ಷದ ದುಡಿಮೆಯೆಲ್ಲ ಅದಕ್ಕೇ ಸರಿಹೋಗುತ್ತಿತ್ತು. ಹಾಗಾಗಿ ಸೆಕೆಂಡ್ ಹ್ಯಾಂಡ್ ದಾರಿ ಹಿಡಿದೆ.

ಮೊದಲು ಕೊಂಡದ್ದು 4 ಚಾನೆಲ್‌ನ 500 ಮೆಗಾಹರ್ಟ್ಸ್ ಸ್ಕೋಪ್. ಮೈಮೇಲೆ ಒಂದು ಗೀರಿಲ್ಲ. ಮಾರುವವರು ಸ್ಕೋಪ್‌ನದ್ದೇ 1 ಕಿಲೋಹರ್ಟ್ಸ್ ಸ್ಕ್ವೇರ್ ವೇವ್‌ಗೆ ಪ್ರೋಬ್ ಸಿಕ್ಕಿಸಿ ನಾಲ್ಕೂ ಚಾನೆಲ್ ತೋರಿಸಿದರು. ನಾನೂ ತಲೆಯಾಡಿಸಿ ದುಡ್ಡು ಕೊಟ್ಟು ಬಂದೆ. 1 ಕಿಲೋಹರ್ಟ್ಸ್ ನೋಡೋಕೆ 500 ಮೆಗಾಹರ್ಟ್ಸ್ ಸ್ಕೋಪ್ ಯಾಕೆ ಬೇಕು ಅಲ್ವಾ? ಆಗ ಅದು ಹೊಳೆಯಲಿಲ್ಲ.

ತಿಂಗಳು ಕಳೆದ ಮೇಲೆ ಸಿಗ್ನಲ್ ಜನರೇಟರ್ ಜೋಡಿಸಿ, ಇನ್‌ಪುಟ್ 50 ಓಮ್‌ಗೆ ಇಟ್ಟೆ. ಮೊದಲ ಚಾನೆಲ್‌ನಲ್ಲಿ 1 ವೋಲ್ಟ್. ಅದೇ ಕೇಬಲ್ ಎರಡನೆಯದಕ್ಕೆ ಹಾಕಿದರೆ 1.25. ಕೇಬಲ್ ಬದಲಾಯಿಸಿದೆ, ಜನರೇಟರ್ ಮೇಲೆ ಅನುಮಾನಪಟ್ಟೆ, ಅರ್ಧ ದಿನ ಹಾಳಾಯಿತು. ಕೊನೆಗೆ ಮಲ್ಟಿಮೀಟರ್ ತಂದು, ಕೇಬಲ್ ಸಿಕ್ಕಿಸುವ ಬಿಎನ್‌ಸಿ ಕನೆಕ್ಟರ್‌ನ ನಡುವಿನ ಪಿನ್‌ಗೂ ಹೊರಗಿನ ಬಳೆಗೂ ಇಟ್ಟು ಓಮ್ ನೋಡಿದೆ. ಒಂದನೆಯದು 50.1, ಎರಡನೆಯದು 83. ಯಾರೋ 50 ಓಮ್‌ನಲ್ಲಿಟ್ಟು ಜಾಸ್ತಿ ವೋಲ್ಟೇಜ್ ಕೊಟ್ಟು ಒಳಗಿನ ರೆಸಿಸ್ಟರ್ ಸುಟ್ಟಿದ್ದಾರೆ. ಆ ಇನ್‌ಪುಟ್ ಸಾಮಾನ್ಯವಾಗಿ 5 ವೋಲ್ಟ್ ಆರ್‌ಎಂಎಸ್‌ಗಿಂತ (ಏರಿಳಿಯುವ ವೋಲ್ಟೇಜ್‌ನ ಪರಿಣಾಮಕಾರಿ ಬೆಲೆ) ಹೆಚ್ಚು ತಡೆಯುವುದಿಲ್ಲ. ಪ್ರೋಬ್ ಹಾಕಿ ನೋಡುವಾಗ ಇನ್‌ಪುಟ್ 1 ಮೆಗಾಓಮ್‌ನಲ್ಲಿರುತ್ತದೆ, ಹಾಗಾಗಿ ಈ ಗಾಯ ಕಾಣುವುದೇ ಇಲ್ಲ.

ಈಗ ಸ್ಕೋಪ್ ನೋಡೋಕೆ ಹೋಗುವಾಗ ಚೀಲದಲ್ಲಿ ಮಲ್ಟಿಮೀಟರ್, ಒಳ್ಳೆಯ ಬಿಎನ್‌ಸಿ ಕೇಬಲ್, ಒಂದು ಪುಟ್ಟ ಪಲ್ಸ್ ಜನರೇಟರ್ ಇರುತ್ತವೆ. ಮೊದಲು ಎಲ್ಲ ಚಾನೆಲ್‌ಗಳನ್ನು 50 ಓಮ್‌ಗೆ ಇಟ್ಟು ಓಮ್ ನೋಡುತ್ತೇನೆ, ಎರಡು ನಿಮಿಷದ ಕೆಲಸ. ಆಮೇಲೆ ಪಲ್ಸ್ ಕೊಟ್ಟು ರೈಸ್ ಟೈಮ್, ಅಂದರೆ ಸಿಗ್ನಲ್ ಕೆಳಗಿನಿಂದ ಮೇಲಕ್ಕೆ ಏರಲು ಹಿಡಿಯುವ ಸಮಯ. 0.35 ಅನ್ನು ಬ್ಯಾಂಡ್‌ವಿಡ್ತ್‌ನಿಂದ, ಅಂದರೆ ಸ್ಕೋಪ್ ಎಷ್ಟು ಮೆಗಾಹರ್ಟ್ಸ್‌ನದ್ದೋ ಅದರಿಂದ, ಭಾಗಿಸಿದರೆ ಸ್ಕೋಪ್‌ನ ರೈಸ್ ಟೈಮ್ ಸುಮಾರಾಗಿ ಸಿಗುತ್ತದೆ. 500 ಮೆಗಾಹರ್ಟ್ಸ್‌ಗೆ 0.7 ನ್ಯಾನೋಸೆಕೆಂಡ್. ನನ್ನ ಪಲ್ಸ್ ಅದಕ್ಕಿಂತ ಬೇಗ ಏರುತ್ತದೆ. ಆದರೂ ತೆರೆಯ ಮೇಲೆ 2 ನ್ಯಾನೋಸೆಕೆಂಡ್ ಬಂದರೆ ಆ ಚಾನೆಲ್ ಎಲ್ಲೋ ಸೋತಿದೆ ಅಂತ ಅರ್ಥ.

ಇನ್ನೊಂದು ಮಾತು ಫೋನ್‌ನಲ್ಲೇ ಹೇಳಿಬಿಡುತ್ತೇನೆ: "ನಾನು ಬರುವವರೆಗೆ ಆನ್ ಮಾಡಬೇಡಿ ಸರ್." ಒಣಗಿದ ಕೆಪಾಸಿಟರ್ ಇರುವ ಸಪ್ಲೈ ತಣ್ಣಗಿದ್ದಾಗ ಎದ್ದೇಳೋಕೆ ತಿಣುಕುತ್ತದೆ, ಬಿಸಿಯಾದ ಮೇಲೆ ಏನೂ ಆಗದ ಹಾಗೆ ನಡೆಯುತ್ತದೆ. ಬೇರೆ ಕಾಯಿಲೆಗಳು ಬಿಸಿಯಾದ ಮೇಲೇ ಹೊರಬೀಳುತ್ತವೆ. ಹಾಗಾಗಿ ಅರ್ಧ ಗಂಟೆ ಅಲ್ಲೇ ಕೂತು ನೋಡುತ್ತೇನೆ. ಪ್ಲಗ್ ಹಾಕುವ ಮುಂಚೆ ಹಿಂಬದಿಯ ವೋಲ್ಟೇಜ್ ಸೆಲೆಕ್ಟರ್ ನೋಡುವುದಂತೂ ಈಗ ಅಭ್ಯಾಸವೇ ಆಗಿದೆ.

ಅಳತೆ ಸರಿಯಿದೆಯೇ ಅಂತ ತಾಳೆ ನೋಡಿ ಅಂಟಿಸುವ ಕ್ಯಾಲಿಬ್ರೇಷನ್ ಸ್ಟಿಕ್ಕರ್ ಬಗ್ಗೆ ನನಗೆ ದೊಡ್ಡ ನಂಬಿಕೆ ಇಲ್ಲ. ಸ್ಟಿಕ್ಕರ್ ಅಂಟಿಸಿದ ಮೇಲೆ ಉಪಕರಣ ಎಲ್ಲಿ ಬಿತ್ತೋ, ಯಾರು ಬಿಚ್ಚಿದರೋ. ಸರ್ಟಿಫಿಕೇಟ್ ಕೇಳುತ್ತೇನೆ. ಸೀರಿಯಲ್ ನಂಬರ್ ತಾಳೆಯಾಗಬೇಕು, ಅಳೆದಾಗ ಬಂದ ಅಂಕಿಗಳು ಅದರಲ್ಲಿರಬೇಕು. ಸುಮ್ನೆ "ಪಾಸ್" ಅಂತ ಬರೆದ ಹಾಳೆ ನನಗೆ ಉಪಯೋಗಕ್ಕಿಲ್ಲ.

ಬೆಂಚ್ ಮೀಟರ್ ವಿಷಯದಲ್ಲಿ ತಪ್ಪು ಪೂರ್ತಿ ನನ್ನದೇ. ಐದೂವರೆ ಅಂಕಿಯ ಹಳೇ ಮೀಟರ್, ಚಿನ್ನದಂಥದ್ದು. ಅಂಥ ಕೆಲವು ಮೀಟರ್‌ಗಳಲ್ಲಿ ಕ್ಯಾಲಿಬ್ರೇಷನ್ ಅಂಕಿಗಳು ಒಂದು ಮೆಮೊರಿ ಚಿಪ್‌ನಲ್ಲಿರುತ್ತವೆ. ಅದನ್ನು ಜೀವಂತ ಇಡುವುದು ಬೋರ್ಡ್ ಮೇಲಿನ 3 ವೋಲ್ಟ್ ಲಿಥಿಯಂ ಸೆಲ್. ಸೆಲ್ ಹಳೆಯದಾಯಿತು, ಬದಲಾಯಿಸೋಣ ಅಂತ ಮೀಟರ್ ಆಫ್ ಮಾಡಿ ಸೆಲ್ ಕಿತ್ತೆ. ಅಂಕಿಗಳೂ ಅದರ ಜೊತೆಗೇ ಹೋದವು. ಲ್ಯಾಬ್‌ಗೆ ಕಳಿಸಿ ಮೊದಲಿಂದ ಕ್ಯಾಲಿಬ್ರೇಟ್ ಮಾಡಿಸಬೇಕಾಯಿತು. ಈಗ ಮೊದಲು ಜಿಪಿಐಬಿ (ಉಪಕರಣವನ್ನು ಕಂಪ್ಯೂಟರ್‌ಗೆ ಜೋಡಿಸುವ ಸಂಪರ್ಕ) ಮೂಲಕ ಆ ಮೆಮೊರಿ ಓದಿ ಕಂಪ್ಯೂಟರ್‌ನಲ್ಲಿ ಉಳಿಸಿಕೊಳ್ಳುತ್ತೇನೆ. ಆಮೇಲೆ ಹೊರಗಿನಿಂದ 3 ವೋಲ್ಟ್ ಆಸರೆ ಕೊಟ್ಟು ಸೆಲ್ ಮುಟ್ಟುತ್ತೇನೆ. ಇದೆಲ್ಲ ಸರ್ವಿಸ್ ಮ್ಯಾನುಯಲ್ ಓದಿದ್ದರೆ ಗೊತ್ತಾಗುತ್ತಿತ್ತು. ಮ್ಯಾನುಯಲ್ ಹುಡುಕುವವರಿಗೆ ಒಂದು ಸುಳಿವು: ಹಳೇ ಎಚ್‌ಪಿ ಉಪಕರಣಗಳ ವ್ಯವಹಾರ 1999ರಲ್ಲಿ ಅಜಿಲೆಂಟ್ ಆಯಿತು, 2014ರಲ್ಲಿ ಕೀಸೈಟ್ ಆಯಿತು. ಮೂರೂ ಹೆಸರಲ್ಲಿ ಹುಡುಕಿ.

ಮೇನ್ಸ್ ಮೇಲೆ ಇಡುವ ಮಲ್ಟಿಮೀಟರ್ ಮತ್ತು ಪ್ರೋಬ್‌ಗಳನ್ನು ಮಾತ್ರ ನಾನು ಹಳೆಯವು ತರುವುದಿಲ್ಲ. ಒಮ್ಮೆ ಒಂದು ಹಳೇ ಮೀಟರ್ ಬಿಚ್ಚಿದಾಗ, 1000 ವೋಲ್ಟ್ ಫ್ಯೂಸ್ ಇರಬೇಕಾದ ಜಾಗದಲ್ಲಿ ಸಾದಾ ಗಾಜಿನ ಫ್ಯೂಸ್‌ಗೆ ತಂತಿ ಸುತ್ತಿ ಕೂರಿಸಿದ್ದರು.

ಆ ಮೊದಲ ಸ್ಕೋಪ್ ಈಗಲೂ ಬೆಂಚಿನ ಮೇಲಿದೆ. ಎರಡನೇ ಚಾನೆಲ್ ಪಕ್ಕ ಕೆಂಪು ಟೇಪ್ ಅಂಟಿಸಿದ್ದೇನೆ. 50 ಓಮ್ ಬೇಕಾದಾಗ ಇನ್‌ಪುಟ್ ಅನ್ನು 1 ಮೆಗಾಓಮ್‌ನಲ್ಲೇ ಬಿಟ್ಟು, ಹೊರಗಿನಿಂದ ಟರ್ಮಿನೇಟರ್ (50 ಓಮ್ ರೆಸಿಸ್ಟರ್ ಇರುವ ಕನೆಕ್ಟರ್) ಸಿಕ್ಕಿಸಿ ಕೆಲಸ ಮಾಡಿಕೊಳ್ಳುತ್ತೇನೆ.