ಗೇರ್ ಸೈಕಲ್ಲಿಗೆ ಕ್ಯಾರಿಯರ್: ಕೊಳ್ಳುವ ಮೊದಲು ಕಾಲು ನೋಡಿ

ಹಳೆಯ ಕರಿ ಸೈಕಲ್ಲಿಗೆ ಕ್ಯಾರಿಯರ್ ಆರಿಸುವ ತಾಪತ್ರಯವೇ ಇರಲಿಲ್ಲ. ಸೈಕಲ್ ಜೊತೆಗೇ ಬರುತ್ತಿತ್ತು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹೆಂಡತಿ ಮಕ್ಕಳು ಎಲ್ಲವನ್ನೂ ಅದು ಹೊತ್ತಿತು. ಈಗ ಮನೆಮನೆಗೆ ಬಂದಿರುವ ದಪ್ಪ ಟೈರಿನ ಗೇರ್ ಸೈಕಲ್ಲುಗಳ ಹಿಂಭಾಗ ಬೋಳು. ಬಳ್ಳಾರಿಯಲ್ಲಿ ಜೀನ್ಸ್ ಬಟ್ಟೆಯ ಗಂಟು ಸಾಗಿಸುವವರಿಂದ ಹಿಡಿದು ರಾಯಚೂರಿನಲ್ಲಿ ಟ್ಯೂಷನ್ನಿಗೆ ಹೋಗುವ ಹುಡುಗರವರೆಗೆ ಬಹಳ ಮಂದಿ ಮೊಬೈಲಿನಲ್ಲಿ ಫೋಟೊ ನೋಡಿ ಕ್ಯಾರಿಯರ್ ತರಿಸುತ್ತಾರೆ. ಅದು ಕೂರುವುದಿಲ್ಲ. ಆಮೇಲೆ ಸೈಕಲ್ ಶಾಪಿನಲ್ಲಿ ಸುತ್ತಿಗೆ ಕೆಲಸ ಶುರು.

ಮೊದಲು ಭಾರ. ಪುಸ್ತಕದ ಬ್ಯಾಗು, ಟಿಫಿನ್ ಬಾಕ್ಸಿಗಾದರೆ ಯಾವುದಾದರೂ ಸರಿ. ಸಂತೆ ಸಾಮಾನು ತರುವವರು 25 ಕೆ.ಜಿ. ಎಂದು ಕ್ಯಾರಿಯರ್ ಮೇಲೇ ಒತ್ತಿರುವುದನ್ನು ಕೊಳ್ಳಿ. ಗಂಗಾವತಿ, ಸಿಂಧನೂರು ಕಡೆಯವರಿಗೆ ಒಂದು ಮಾತು: 2022ರ ಜುಲೈಯಲ್ಲಿ 25 ಕೆ.ಜಿ.ವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇ 5ರಷ್ಟು ಜಿಎಸ್‌ಟಿ ಬಿದ್ದ ಮೇಲೆ 26 ಕೆ.ಜಿ. ಚೀಲಗಳು ಮಾರುಕಟ್ಟೆಗೆ ಬಂದವು. ಆ ಒಂದು ಕೆ.ಜಿ.ಗೆ ಕ್ಯಾರಿಯರ್ ಮುರಿದು ಬೀಳುವುದಿಲ್ಲ. ಆದರೆ ಚೀಲದ ಮೇಲೆ ಮಗನನ್ನೂ ಕೂರಿಸುವ ಉಮೇದು ಬೇಡ.

ಎರಡನೆಯದು, ಸೈಕಲ್ಲಿನ ಹಿಂದೆ ಕುಕ್ಕರಗಾಲಲ್ಲಿ ಕೂತು ನೋಡುವುದು. ಹಿಂದಿನ ಗಾಲಿಯ ಆಕ್ಸಲ್ ಕೂರುವ ಜಾಗದ ಸ್ವಲ್ಪ ಮೇಲೆ, ಎರಡೂ ಬದಿಗೆ, ಮರೆ (ಬೋಲ್ಟು ತಿರುಗಿಸಿದಾಗ ಕಚ್ಚಿಕೊಳ್ಳುವ ಸುರುಳಿ ಗೆರೆ) ಇರುವ ಒಂದೊಂದು ತೂತು ಇದೆಯೇ? ಸೀಟಿನ ಬುಡದಿಂದ ಗಾಲಿಗೆ ಇಳಿಯುವ ಎರಡು ಸಣ್ಣ ಪೈಪುಗಳಲ್ಲಿ ಇನ್ನೆರಡು? ಸಾಮಾನ್ಯವಾಗಿ ಇವು 5 ಎಂ.ಎಂ. ಬೋಲ್ಟಿನವು. ನಾಲ್ಕೂ ಇದ್ದರೆ ಅರ್ಧ ಕೆಲಸ ಮುಗಿಯಿತು. ಕೆಳಗಿನವು ಇಲ್ಲದಿದ್ದರೆ ಹಳೇ ಸೈಕಲ್ಲಿನಂತೆ ಕಾಲುಗಳನ್ನು ಆಕ್ಸಲ್ ನಟ್ಟಿಗೇ ಬಿಗಿಯಬಹುದು. ಭಾರ ಚೆನ್ನಾಗಿಯೇ ಹೊರುತ್ತದೆ. ಆದರೆ ಟ್ಯೂಬು ಬದಲಿಸಲು ಗಾಲಿ ಬಿಚ್ಚಿದಾಗಲೆಲ್ಲ ಕ್ಯಾರಿಯರನ್ನೂ ಬಿಚ್ಚಬೇಕು. ದಾರಿಯ ಎರಡೂ ಬದಿ ಬಳ್ಳಾರಿ ಜಾಲಿ ಬೆಳೆದಿರುವ ನಮ್ಮ ಸೀಮೆಯಲ್ಲಿ ಇದು ಸಣ್ಣ ಕಿರಿಕಿರಿಯಲ್ಲ. ಹಿಂದೆ ಶಾಕ್ ಅಬ್ಸಾರ್ಬರ್ ಇರುವ ಸೈಕಲ್ಲಾದರೆ ಕ್ಯಾರಿಯರ್ ಆಸೆ ಬಿಟ್ಟು ಬೆನ್ನಿಗೆ ಬ್ಯಾಗು ಹಾಕಿಕೊಳ್ಳಿ.

ಹಾಗೆಯೇ ಟೈರಿನ ಮಗ್ಗುಲಲ್ಲಿ ಬರೆದಿರುವ ಅಳತೆಯನ್ನೂ ಓದಿಕೊಳ್ಳಿ: 26, 27.5 ಅಥವಾ 29. ಇಪ್ಪತ್ತಾರರ ಕ್ಯಾರಿಯರ್ ಇಪ್ಪತ್ತೊಂಬತ್ತರ ಟೈರನ್ನು ಉಜ್ಜೀತು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ಸಂದಿ ಇರಲೇಬೇಕು. ಮಳೆಗಾಲದ ಎರೆ ಮಣ್ಣು ಕಂಡವರಿಗೆ ಕಾರಣ ಹೇಳಬೇಕಿಲ್ಲ.

ಇನ್ನು ಸೀಟಿನ ಪೈಪಿಗೆ ಕಚ್ಚಿಸುವ, ಕಾಲೇ ಇಲ್ಲದ ಕ್ಯಾರಿಯರ್. ‘ಎರಡೇ ನಿಮಿಷದಲ್ಲಿ ಜೋಡಿಸಿ’ ಎಂದು ಜಾಹೀರಾತು ಇರುವುದು ಇದಕ್ಕೇ. ಕೊಳ್ಳಬೇಡಿ. ಭಾರವೆಲ್ಲ ಒಂದೇ ಕ್ಲಾಂಪಿನ ಮೇಲೆ ಜೋತುಬೀಳುತ್ತದೆ. ಗುಂಡಿ ಹಾರಿಸಿದರೆ ಕೆಳಕ್ಕೆ ಜಾರುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ಹೊರಳುತ್ತದೆ. ಇಂಥವುಗಳ ಮಿತಿ ಸಾಮಾನ್ಯವಾಗಿ ಹತ್ತು ಕೆ.ಜಿ. ಆಸುಪಾಸು.

ಮೂರನೆಯದು, ಕಬ್ಬಿಣವೋ ಅಲ್ಯೂಮಿನಿಯಮ್ಮೋ. ಕಬ್ಬಿಣ. ತೂಕ ಹೆಚ್ಚು, ತುಕ್ಕೂ ಹಿಡಿಯುತ್ತದೆ, ನಿಜ. ಆದರೆ ಅದು ಬಿರುಕು ಬಿಟ್ಟರೆ ಕೊಪ್ಪಳದ ಯಾವ ವೆಲ್ಡಿಂಗ್ ಅಂಗಡಿಯಲ್ಲೂ ಹಚ್ಚಿಸಿಕೊಳ್ಳಬಹುದು. ಅಲ್ಯೂಮಿನಿಯಮ್ ಬೆಸೆಯುವವರನ್ನು ಹುಡುಕಿಕೊಂಡು ಹೋಗಬೇಕು.

ಡಿಸ್ಕ್ ಬ್ರೇಕಿನವರು ಮಾತ್ರ ಇಲ್ಲಿ ನಿಲ್ಲಿ. ಎಡಗಡೆ ಬ್ರೇಕಿನ ಕ್ಯಾಲಿಪರ್, ಅಂದರೆ ಡಿಸ್ಕನ್ನು ಅಮುಕಿ ಹಿಡಿಯುವ ಭಾಗ, ಬಹಳ ಸೈಕಲ್ಲುಗಳಲ್ಲಿ ಕ್ಯಾರಿಯರ್ ಕಾಲಿಗೆ ಸರಿಯಾಗಿ ಅಡ್ಡ ಬರುತ್ತದೆ. ಶಾಪಿನವರ ಉಪಾಯ ಒಂದೇ: ಉದ್ದ ಬೋಲ್ಟ್ ತಂದು, ನಡುವೆ ನಾಲ್ಕು ನಟ್ಟು ಪೋಣಿಸಿ, ಕಾಲನ್ನು ಆಚೆ ತಳ್ಳುವುದು. ‘ಏನೂ ಆಗಲ್ಲ ಸರ್’ ಅನ್ನುತ್ತಾರೆ. ಬೋಲ್ಟು ಹೀಗೆ ಉದ್ದಕ್ಕೆ ಚಾಚಿ ಭಾರ ಹೊತ್ತಾಗ ಪ್ರತಿ ಕುಲುಕಾಟಕ್ಕೂ ಬುಡದಲ್ಲಿ ಬಾಗುತ್ತದೆ, ಒಂದು ದಿನ ತುಂಡಾಗುತ್ತದೆ, ಅರ್ಧ ತುಂಡು ಫ್ರೇಮಿನ ಮರೆಯೊಳಗೇ ಉಳಿಯುತ್ತದೆ. ಡಿಸ್ಕ್ ಬ್ರೇಕಿಗೆಂದೇ ಕಾಲು ಹೊರಗೆ ಬಾಗಿರುವ ಕ್ಯಾರಿಯರ್ ಸಿಗುತ್ತದೆ, ಅದನ್ನು ಕೇಳಿ.

ನಾಲ್ಕನೆಯದು, ಜೋಡಣೆ. ಬಹುಪಾಲು ಜನ ಕೆಡಿಸುವುದು ಇಲ್ಲೇ, ಅದರಲ್ಲೂ ಚೈನಿನ ಕಡೆಯ ಕೆಳಬೋಲ್ಟಿನಲ್ಲಿ. ಕಾಲಿನ ತಗಡು ಮೂರ್ನಾಲ್ಕು ಎಂ.ಎಂ., ವಾಷರ್ ಒಂದು, ಫ್ರೇಮಿನ ದಪ್ಪ ಐದಾರು. ಅಂದರೆ ಹತ್ತು ಎಂ.ಎಂ. ಸುಮಾರಿನ ಬೋಲ್ಟು ಸಾಕು. ಡಬ್ಬಿಯಲ್ಲಿ ಕೈಗೆ ಸಿಕ್ಕಿತೆಂದು ಇಪ್ಪತ್ತರದ್ದು ಹಾಕಿದರೆ ತುದಿ ಒಳಗೆ ಇಣುಕುತ್ತದೆ. ಅಂಗಳದಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ. ಬಯಲಿನಲ್ಲಿ ವೇಗ ಹಿಡಿದು ಗೇರು ಏರಿಸಿ ಚೈನು ಅತಿ ಸಣ್ಣ ಹಲ್ಲುಗಾಲಿಗೆ ಜಾರಿದಾಗ ಆ ತುದಿಗೆ ಕಚ್ಚಿಕೊಂಡು ಕಟಕಟ ಶುರುವಾಗುತ್ತದೆ, ಕೆಲವೊಮ್ಮೆ ಪೆಡಲ್ಲೇ ಹಿಡಿದು ನಿಲ್ಲುತ್ತದೆ. ಆದ್ದರಿಂದ ಬೋಲ್ಟು ಹಾಕಿದ ಮೇಲೆ ಹಿಂಗಾಲಿ ಎತ್ತಿ, ಚೈನನ್ನು ಅದೇ ಸಣ್ಣ ಹಲ್ಲಿಗೆ ತಂದು ಪೆಡಲ್ ತಿರುಗಿಸಿ, ಬೋಲ್ಟಿನ ತುದಿಗೂ ಚೈನಿಗೂ ನಡುವೆ ಬೆಳಕು ಕಾಣುತ್ತದೆಯೇ ಎಂದು ಬಗ್ಗಿ ನೋಡಿ. ತುದಿ ಚಾಚಿದ್ದರೆ ಹೊರಗೆ ತಲೆಯ ಕೆಳಗೆ ಒಂದೆರಡು ವಾಷರ್ ಸೇರಿಸಿ. ತೀರಾ ಗಿಡ್ಡ ಬೋಲ್ಟೂ ಕೂಡದು: ಎರಡೇ ಸುತ್ತು ಹಿಡಿದರೆ ಮರೆ ಕಿತ್ತುಬರುತ್ತದೆ. ಅಲ್ಯೂಮಿನಿಯಮ್ ಫ್ರೇಮಿನಲ್ಲಿ ಮರೆ ಹೋದರೆ ಮತ್ತೆ ಕೊರೆಸುವುದು ರಗಳೆ.

ಮರೆಯೊಳಗೆ ಬಣ್ಣ ತುಂಬಿಕೊಂಡಿದ್ದರೆ ಒಂದು ಹನಿ ಎಣ್ಣೆ ಬಿಟ್ಟು ಬೋಲ್ಟನ್ನು ಬೆರಳಿನಲ್ಲೇ ತಿರುಗಿಸಿ. ಓರೆಯಾಗಿ ಹೋಗುತ್ತಿದೆ ಅನ್ನಿಸಿದರೆ ತೆಗೆದು ಮತ್ತೆ ಹಾಕಿ. ಪಾನಾ, ಅಲೆನ್ ಕೀ ಆಮೇಲೆ. ನಾಲ್ಕೂ ಬೋಲ್ಟು ಸಡಿಲವಾಗಿ ಕೂತ ಮೇಲೆ ಕ್ಯಾರಿಯರನ್ನು ಮಟ್ಟಸ ಮಾಡಿ, ಆಮೇಲೆಯೇ ಬಿಗಿಯುವುದು. ಒಂದನ್ನು ಮೊದಲೇ ಬಿಗಿದರೆ ಉಳಿದ ತೂತುಗಳು ಎದುರಾಗುವುದೇ ಇಲ್ಲ, ಸುತ್ತಿಗೆ ಹೊರಬರುವುದು ಆಗಲೇ.

ಪಕ್ಕದಲ್ಲಿ ಚೀಲ ತೂಗುಹಾಕುವವರು ಸೀಟಿನ ಮೇಲೆ ಕೂತು ಪೆಡಲ್ ತುಳಿದು, ಹಿಮ್ಮಡಿ ಚೀಲಕ್ಕೆ ಬಡಿಯುತ್ತದೆಯೇ ನೋಡಿಕೊಳ್ಳಿ. ಬಡಿದರೆ ಚೀಲ ಹಿಂದಕ್ಕೆ ಸರಿಯಬೇಕು, ಅಷ್ಟು ಉದ್ದದ ಕ್ಯಾರಿಯರ್ ಬೇಕು. ಚೀಲ ಕಡ್ಡಿಗಳಿಗೆ ಸಿಕ್ಕದಂತೆ ತಡೆಯುವ ಅಡ್ಡ ರಾಡೂ ಇರಲಿ.

ಕಟ್ಟಲು ಕೊಕ್ಕೆಯ ಬಣ್ಣದ ಎಲಾಸ್ಟಿಕ್ ಹಗ್ಗ ಕೊಳ್ಳುತ್ತೀರಾದರೆ ನಿಮ್ಮಿಷ್ಟ. ನಮ್ಮ ಬಿಸಿಲಿಗೆ ಅದು ಬೇಗ ಸತ್ವ ಕಳೆದುಕೊಳ್ಳುತ್ತದೆ, ಕೊಕ್ಕೆ ಚಿಮ್ಮಿದರೆ ಕಣ್ಣಿಗೇ ಬರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಹಳೇ ಟ್ಯೂಬು ಕೇಳಿ, ಉದ್ದಕ್ಕೆ ಸೀಳಿಸಿಕೊಳ್ಳಿ. ಭಾರ ಹೊತ್ತು ಒಂದು ವಾರ ಓಡಿದ ಮೇಲೆ ನಾಲ್ಕೂ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ.